ಇಪ್ಪತ್ತೆಂಟು ದಿನದ ಮಾತ್ರೆ, ಆಮೇಲಿನ ರಕ್ತಪರೀಕ್ಷೆ



ಎಚ್.ಐ.ವಿ. ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಪಕ್ಕದಲ್ಲಿ ಕುಳಿತರೆ, ಸೊಳ್ಳೆ ಕಚ್ಚಿದರೆ ಅದು ಬರುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ, ಸೋಂಕಿರುವ ತಾಯಿಯಿಂದ ಮಗು, ಇವು ಅದರ ದಾರಿಗಳು. ಆದರೆ ಅಂಥ ಅಪಾಯದ ಸಂಪರ್ಕ ಆಗಿಯೇ ಹೋದರೆ ಮುಂದೇನು? ಹೆಚ್ಚಿನ ಪುಸ್ತಕಗಳು ಅಲ್ಲಿಗೇ ನಿಂತುಬಿಡುತ್ತವೆ.

ವಾರ್ಡಿನಲ್ಲಿ ತರಬೇತಿ ಪಡೆಯುತ್ತಿರುವ ನರ್ಸಿಂಗ್ ವಿದ್ಯಾರ್ಥಿನಿಯ ಬೆರಳಿಗೆ ರೋಗಿಗೆ ಬಳಸಿದ ಸೂಜಿ ಚುಚ್ಚಬಹುದು. ಪ್ರಯೋಗಾಲಯದ ಹುಡುಗನ ಕಣ್ಣಿಗೆ ರಕ್ತ ಸಿಡಿಯಬಹುದು. ಯಾರ ಮೇಲಾದರೂ ಲೈಂಗಿಕ ದೌರ್ಜನ್ಯ ನಡೆಯಬಹುದು. ಇಂಥ ಹೊತ್ತಿನಲ್ಲಿ ಸೋಂಕು ನೆಲೆಯೂರದಂತೆ ತಡೆಯುವ ಔಷಧಿ ಇದೆ. ವೈದ್ಯರು ಅದನ್ನು ಪೋಸ್ಟ್ ಎಕ್ಸ್‌ಪೋಷರ್ ಪ್ರೊಫಿಲ್ಯಾಕ್ಸಿಸ್, ಚಿಕ್ಕದಾಗಿ 'ಪೆಪ್' ಎನ್ನುತ್ತಾರೆ. ಸಂಪರ್ಕದ ನಂತರ ತೆಗೆದುಕೊಳ್ಳುವ ಮುನ್ನೆಚ್ಚರಿಕೆ ಔಷಧಿ ಎಂದು ಇದರ ಅರ್ಥ. ಈ ಔಷಧಿ ತೆಗೆದುಕೊಂಡವರನ್ನು ಕಾಡುವ ಪ್ರಶ್ನೆಗಳು ಎರಡು. ಪರೀಕ್ಷೆ ಯಾವಾಗ ಮಾಡಿಸಬೇಕು? ನಡುವೆ ಜ್ವರವೋ ವಾಂತಿಯೋ ಬಂದರೆ ಅದು ಸೋಂಕಿನ ಲಕ್ಷಣವೇ? ಟಿ.ವಿ.ಯಲ್ಲಿ ವೈದ್ಯರ ಮಾತು ಕೇಳುವಾಗ ದಿನ, ವಾರಗಳ ಲೆಕ್ಕವನ್ನೆಲ್ಲ ಗುರುತು ಹಾಕಿಕೊಳ್ಳುವುದು ಕಷ್ಟ. ಆದ್ದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳಿದೆ.

ಮೊದಲ ಕೆಲವು ಗಂಟೆ

ಸೂಜಿ ಚುಚ್ಚಿದ ಜಾಗವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆಯಬೇಕು. ಗಾಯವನ್ನು ಹಿಂಡಬಾರದು, ಉಜ್ಜಬಾರದು, ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು, ಬ್ಲೀಚಿಂಗ್ ದ್ರಾವಣ ಸುರಿಯಬಾರದು. ಕಣ್ಣಿಗೆ ರಕ್ತ ಸಿಡಿದಿದ್ದರೆ ಧಾರಾಳವಾಗಿ ಶುದ್ಧ ನೀರು ಹಾಕಿ ತೊಳೆಯಬೇಕು. ಆಮೇಲೆ ತಡಮಾಡದೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಎಚ್.ಐ.ವಿ. ಸೋಂಕಿರುವವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ಬರುವುದು ಸಾವಿರಕ್ಕೆ ಸುಮಾರು 3 ಸಂದರ್ಭಗಳಲ್ಲಿ ಮಾತ್ರ. ಅಪಾಯ ಚಿಕ್ಕದು, ಆದರೆ ಸೊನ್ನೆಯಲ್ಲ. ಔಷಧಿ ಬೇಕೇ ಬೇಡವೇ ಎಂಬುದನ್ನು ಗಾಯದ ಆಳ, ಸಂಪರ್ಕದ ಬಗೆ, ಎದುರಿನವರ ಆರೋಗ್ಯ ಸ್ಥಿತಿ ಇವನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಬೇಕೆಂದಾದರೆ ಮೊದಲ ಮಾತ್ರೆಯನ್ನು ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗೇ ಆದರೆ ಒಳ್ಳೆಯದು, ನುಂಗಬೇಕು. 72 ಗಂಟೆ ಕಳೆದ ಮೇಲೆ ಶುರುಮಾಡಿದರೆ ಪ್ರಯೋಜನವಿಲ್ಲವೆಂದೇ ಪರಿಗಣಿಸುತ್ತಾರೆ. ರಕ್ತಪರೀಕ್ಷೆಯ ವರದಿಗಾಗಿ ಕಾಯುತ್ತ ಮೊದಲ ಮಾತ್ರೆಯನ್ನು ಮುಂದೂಡುವಂತಿಲ್ಲ.

72 ಗಂಟೆ ಏಕೆ? 28 ದಿನ ಏಕೆ?

ಜೀವಕೋಶದಲ್ಲಿ ಡಿ.ಎನ್.ಎ.ಯಿಂದ ಆರ್.ಎನ್.ಎ. ತಯಾರಾಗುತ್ತದೆ ಎಂದು ನೀವು ಜೀವಶಾಸ್ತ್ರದಲ್ಲಿ ಓದಿರುತ್ತೀರಿ. ಎಚ್.ಐ.ವಿ. ಇದನ್ನು ತಿರುಗುಮುರುಗು ಮಾಡುತ್ತದೆ. ಅದರ ಬಳಿ ಇರುವುದು ಆರ್.ಎನ್.ಎ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಒಂದು ಬಗೆಯಾದ ಸಿಡಿ-4 ಕಣದೊಳಗೆ ಹೊಕ್ಕು, ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ. ಮಾಡಿಕೊಂಡು, ಅದನ್ನು ನಮ್ಮ ಡಿ.ಎನ್.ಎ.ಗೆ ಹೆಣೆದುಬಿಡುತ್ತದೆ. ಒಮ್ಮೆ ಹೆಣೆದುಕೊಂಡ ಮೇಲೆ ಅದನ್ನು ದೇಹದಿಂದ ಪೂರ್ತಿ ತೊಲಗಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ಚರ್ಮದ ಗಾಯದಿಂದಲೋ ಒಳಪೊರೆಯಿಂದಲೋ ಒಳಬಂದ ವೈರಾಣು ಹತ್ತಿರದ ದುಗ್ಧ ಗ್ರಂಥಿಗಳನ್ನು ತಲುಪಿ, ಅಲ್ಲಿಂದ ಮೈಯೆಲ್ಲ ಹರಡಲು ಕೆಲವು ದಿನ ಹಿಡಿಯುತ್ತದೆ. ಈ ಸಣ್ಣ ಅವಕಾಶದಲ್ಲೇ ಔಷಧಿ ತನ್ನ ಕೆಲಸ ಮಾಡಬೇಕು.

ಈಗ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಮೊದಲಿನ ಎರಡು, ಆರ್.ಎನ್.ಎ.ಯಿಂದ ಡಿ.ಎನ್.ಎ. ಆಗುವುದನ್ನು ತಡೆಯುತ್ತವೆ. ಮೂರನೆಯದು ಆ ಡಿ.ಎನ್.ಎ. ನಮ್ಮದರೊಂದಿಗೆ ಹೆಣೆದುಕೊಳ್ಳುವುದನ್ನು ತಡೆಯುತ್ತದೆ.

ಗಡುವಿನ ಮಹತ್ವ ಚೆನ್ನಾಗಿ ಕಂಡದ್ದು ಮಂಗಗಳ ಮೇಲೆ ನಡೆದ ಪ್ರಯೋಗದಲ್ಲಿ. ಎಚ್.ಐ.ವಿ.ಯ ಹತ್ತಿರದ ಬಂಧುವಾದ ಎಸ್.ಐ.ವಿ. ವೈರಾಣುವನ್ನು ಮಂಗಗಳ ರಕ್ತಕ್ಕೆ ಸೇರಿಸಿ ಟೆನೊಫೊವಿರ್ ಕೊಟ್ಟು ನೋಡಿದರು. 1995 ಮತ್ತು 1998ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. 24 ಗಂಟೆಯೊಳಗೆ ಶುರುಮಾಡಿ 28 ದಿನ ಕೊಟ್ಟಾಗ ಮಂಗಗಳಿಗೆ ಸೋಂಕು ತಗಲಲಿಲ್ಲ. ಶುರುಮಾಡುವುದನ್ನು 48 ಅಥವಾ 72 ಗಂಟೆಗೆ ತಳ್ಳಿದಾಗ, ಇಲ್ಲವೇ ಮೂರು ದಿನಕ್ಕೋ ಹತ್ತು ದಿನಕ್ಕೋ ನಿಲ್ಲಿಸಿದಾಗ ರಕ್ಷಣೆ ಕುಗ್ಗಿತು. ಮನುಷ್ಯರಲ್ಲಿ ಅರ್ಧ ಜನಕ್ಕೆ ಔಷಧಿ ಕೊಟ್ಟು ಅರ್ಧ ಜನಕ್ಕೆ ಕೊಡದೆ ಹೀಗೆ ಪರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಅಮೆರಿಕ ಹಾಗೂ ಯುರೋಪಿನ ಕೆಲವು ದೇಶಗಳಲ್ಲಿ ಸೂಜಿ ಚುಚ್ಚಿಕೊಂಡಿದ್ದ ಆಸ್ಪತ್ರೆ ಸಿಬ್ಬಂದಿಯ ದಾಖಲೆಗಳನ್ನು ಹೋಲಿಸಿ ನೋಡಿದರು. ಆಗ ಲಭ್ಯವಿದ್ದ ಜಿಡೊವುಡಿನ್ ಒಂದನ್ನೇ ತೆಗೆದುಕೊಂಡವರಲ್ಲೂ ಅಪಾಯ ಶೇಕಡ 81ರಷ್ಟು ಕಡಿಮೆಯಾಗಿತ್ತು ಎಂದು 1997ರಲ್ಲಿ ಪ್ರಕಟವಾಯಿತು.

ಹಾಗಾಗಿ 28 ದಿನವನ್ನೂ ಪೂರೈಸಬೇಕು. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಬೇಕು. ಎರಡನ್ನು ಒಟ್ಟಿಗೆ ನುಂಗಬಾರದು. ಹೆಚ್ಚು ದಿನ ತಪ್ಪಿದ್ದರೆ ವೈದ್ಯರಿಗೆ ಹೇಳಬೇಕು. ಎದುರಿನವರಿಗೆ ಸೋಂಕಿಲ್ಲವೆಂದು ಖಚಿತವಾದರೆ ವೈದ್ಯರೇ ಮಾತ್ರೆ ನಿಲ್ಲಿಸಲು ಹೇಳಬಹುದು. ನಾವೇ ತೀರ್ಮಾನಿಸುವಂತಿಲ್ಲ.

ಪರೀಕ್ಷೆ ಹುಡುಕುವುದು ಏನನ್ನು?

ಸಾಮಾನ್ಯ ಎಚ್.ಐ.ವಿ. ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. 1985ರಲ್ಲಿ ಬಳಕೆಗೆ ಬಂದ ಎಲೈಸಾ ಪರೀಕ್ಷೆ ಇಂಥದ್ದು. ಭಾರತದ ಮೊದಲ ಸೋಂಕುಗಳನ್ನು 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಗುರುತಿಸಿದ್ದೂ ಎಲೈಸಾ ಪರೀಕ್ಷೆಯಿಂದಲೇ.

ಪ್ರತಿಕಾಯ ಹುಟ್ಟಲು ಸಮಯ ಬೇಕು. ಸೋಂಕು ಇದ್ದೂ ಪರೀಕ್ಷೆಯಲ್ಲಿ ಕಾಣದ ಈ ಅವಧಿಗೆ 'ವಿಂಡೋ ಪೀರಿಯಡ್' ಎಂದು ಹೆಸರು. ಇಂದು ಬೀಜ ಬಿತ್ತಿ ನಾಳೆ ಹೊಲಕ್ಕೆ ಹೋಗಿ ಪೈರಿಲ್ಲ ಎಂದರೆ ಹೇಗೋ ಹಾಗೆ. ಪ್ರತಿಕಾಯ ಮಾತ್ರ ಹುಡುಕುವ ಪರೀಕ್ಷೆಗೆ ಈ ಅವಧಿ ಸುಮಾರು 23ರಿಂದ 90 ದಿನ. ಪ್ರತಿಕಾಯದ ಜೊತೆಗೆ ವೈರಾಣುವಿನ ಪಿ-24 ಎಂಬ ಪ್ರೊಟೀನನ್ನೂ ಹುಡುಕುವ ನಾಲ್ಕನೆಯ ತಲೆಮಾರಿನ ಪರೀಕ್ಷೆಗೆ ಸುಮಾರು 18ರಿಂದ 45 ದಿನ. ವೈರಾಣುವಿನ ಆರ್.ಎನ್.ಎ.ಯನ್ನೇ ಹುಡುಕುವ ಪರೀಕ್ಷೆಗೆ ಸುಮಾರು 10ರಿಂದ 33 ದಿನ.

ಇದು ಔಷಧಿ ತೆಗೆದುಕೊಳ್ಳದವರ ಲೆಕ್ಕ. ಪೆಪ್ ತೆಗೆದುಕೊಂಡವರಲ್ಲಿ ಇನ್ನೊಂದು ತೊಡಕಿದೆ. ಅಪರೂಪಕ್ಕೆ ಸೋಂಕು ತಗಲಿಯೇ ಇದ್ದರೂ, ಮಾತ್ರೆ ವೈರಾಣುವನ್ನು ಅಮುಕಿ ಹಿಡಿದಿರುವುದರಿಂದ ಪ್ರತಿಕಾಯ ಕಾಣಿಸಿಕೊಳ್ಳುವುದು ತಡವಾಗಬಹುದು. ಆದ್ದರಿಂದ ಮಾತ್ರೆ ನುಂಗುತ್ತಿರುವಾಗ ಬಂದ 'ನೆಗೆಟಿವ್' ವರದಿ ಕೊನೆಯ ಮಾತಲ್ಲ.

ಪರೀಕ್ಷೆಯ ವೇಳಾಪಟ್ಟಿ

ಮೊದಲ ಪರೀಕ್ಷೆ ಆ ದಿನವೇ. ಇದು ಹೇಳುವುದು ಹಿಂದಿನ ಸ್ಥಿತಿಯನ್ನು ಮಾತ್ರ, ಇಂದಿನ ಸಂಪರ್ಕದ ಬಗ್ಗೆ ಇದು ಏನನ್ನೂ ಹೇಳದು. ಮೊದಲೇ ಸೋಂಕಿದ್ದವರಿಗೆ 28 ದಿನದ ಔಷಧಿ ಸಾಲದು, ಪೂರ್ಣ ಚಿಕಿತ್ಸೆ ಬೇಕು. ಅದಕ್ಕಾಗಿ ಈ ಪರೀಕ್ಷೆ. ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ, ಮೂತ್ರಪಿಂಡದ ಪರೀಕ್ಷೆಗಳೂ ಇರುತ್ತವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಹೆಪಟೈಟಿಸ್ ಬಿ ವೈರಾಣುವನ್ನೂ ಹತ್ತಿಕ್ಕುತ್ತವೆ. ಆ ರೋಗ ಇರುವವರು ಮಾತ್ರೆ ನಿಲ್ಲಿಸಿದಾಗ ಅದು ಕೆರಳಬಹುದು. ಅಂಥವರ ಮೇಲೆ ವೈದ್ಯರು ವಿಶೇಷ ಗಮನ ಇಡುತ್ತಾರೆ.

ಆಮೇಲೆ ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯಂತೆ, ಸಂಪರ್ಕವಾದ ದಿನದಿಂದ ಎಣಿಸಿ 6 ವಾರ, 3 ತಿಂಗಳು ಮತ್ತು 6 ತಿಂಗಳಿಗೆ ಪರೀಕ್ಷೆ. ಬ್ರಿಟನ್ನಿನಲ್ಲಿ ನಾಲ್ಕನೆಯ ತಲೆಮಾರಿನ ಪ್ರಯೋಗಾಲಯ ಪರೀಕ್ಷೆಯನ್ನು ಕೊನೆಯ ಮಾತ್ರೆ ನುಂಗಿದ 45 ದಿನಕ್ಕೆ, ಅಂದರೆ 28 ಕೂಡಿಸು 45, ಒಟ್ಟು 73ನೆಯ ದಿನದ ಹೊತ್ತಿಗೆ ಮಾಡಿ ನಿಶ್ಚಿಂತೆ ಹೇಳುತ್ತಾರೆ. ಲೆಕ್ಕಗಳಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ತತ್ವ ಒಂದೇ: ಔಷಧಿಯ ಪ್ರಭಾವ ಕಳೆದು, ಪ್ರತಿಕಾಯ ಹುಟ್ಟಲು ಸಾಕಷ್ಟು ಸಮಯ ಕೊಟ್ಟು ನೋಡಬೇಕು.

ಒಂದು ಕಿಟ್ಟಿನಲ್ಲಿ 'ಪಾಸಿಟಿವ್' ಬಂದ ಮಾತ್ರಕ್ಕೆ ಯಾರನ್ನೂ ಸೋಂಕಿತರೆಂದು ಘೋಷಿಸುವುದಿಲ್ಲ ಎಂಬುದನ್ನೂ ತಿಳಿದಿರಿ. ಲಕ್ಷಣಗಳಿಲ್ಲದ ವ್ಯಕ್ತಿಯಲ್ಲಿ ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ಪರೀಕ್ಷಿಸಿದ ನಂತರವೇ ತೀರ್ಮಾನ.

ಲಕ್ಷಣವೋ, ಮಾತ್ರೆಯ ಪ್ರಭಾವವೋ?

ಹೆಚ್ಚಿನವರು ನಿದ್ದೆಗೆಡುವುದು ಇಲ್ಲಿಯೇ. ಹೊಸ ಸೋಂಕು ತಗಲಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ಗುಳ್ಳೆ, ಕುತ್ತಿಗೆ ಕಂಕುಳಿನಲ್ಲಿ ಗಂಟು, ಮೈಕೈ ನೋವು, ಬಾಯಿಹುಣ್ಣು ಕಾಣಿಸಿಕೊಳ್ಳುತ್ತವೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಆದರೆ ಈ ಪಟ್ಟಿಯನ್ನೇ ಮತ್ತೊಮ್ಮೆ ಓದಿ. ಮಳೆಗಾಲದ ಫ್ಲೂ, ಡೆಂಗೆ, ಹಾಸ್ಟೆಲಿನಲ್ಲಿ ಒಬ್ಬರಿಂದೊಬ್ಬರಿಗೆ ಬರುವ ಗಂಟಲು ಬೇನೆ, ಎಲ್ಲಕ್ಕೂ ಇವೇ ಲಕ್ಷಣ.

ಮಾತ್ರೆಯೂ ತನ್ನದೇ ತೊಂದರೆ ಕೊಡಬಹುದು: ಓಕರಿಕೆ, ಭೇದಿ, ತಲೆನೋವು, ಸುಸ್ತು, ನಿದ್ದೆ ಬಾರದಿರುವುದು. ಇವು ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ಶುರುವಾಗಿ ಬರಬರುತ್ತ ಕಡಿಮೆಯಾಗುತ್ತವೆ. ಹೊಟ್ಟೆ ಉರಿಯೆಂದು ಆಸಿಡಿಟಿ ಔಷಧಿ ನುಂಗುವ ಮುನ್ನ ವೈದ್ಯರನ್ನು ಕೇಳಿ. ಅಲ್ಯುಮಿನಿಯಂ, ಮೆಗ್ನೀಶಿಯಂ ಇರುವ ಆಂಟಾಸಿಡ್‌ಗಳು ಡೊಲುಟೆಗ್ರಾವಿರ್ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳ ಬಗೆಗೂ ಇದೇ ಎಚ್ಚರ ಬೇಕು.

ಮೂರನೆಯ ಕಾರಣ ಭಯ. ಎದೆ ಡವಗುಟ್ಟುವುದು, ಬೆವರು, ಊಟ ಸೇರದಿರುವುದು, ರಾತ್ರಿ ಎಚ್ಚರ, ಪದೇ ಪದೇ ಕುತ್ತಿಗೆ ಮುಟ್ಟಿಕೊಂಡು ಗಂಟು ಹುಡುಕುವುದು. ಹುಡುಕಿದಷ್ಟೂ ಏನೋ ಒಂದು ಕೈಗೆ ಸಿಕ್ಕಂತಾಗುತ್ತದೆ.

ಆದ್ದರಿಂದ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಲಕ್ಷಣ ಇದ್ದರೆ ಸೋಂಕು ಇದೆ ಎಂದಲ್ಲ, ಲಕ್ಷಣ ಇಲ್ಲದಿದ್ದರೆ ಸೋಂಕು ಇಲ್ಲ ಎಂದೂ ಅಲ್ಲ. ಉತ್ತರ ಕೊಡುವುದು ಸರಿಯಾದ ದಿನದಂದು ಮಾಡಿಸಿದ ಪರೀಕ್ಷೆ ಮಾತ್ರ. ಹಾಗೆಂದು ಲಕ್ಷಣಗಳನ್ನು ಕಡೆಗಣಿಸುವಂತೆಯೂ ಇಲ್ಲ. ಈ ಅವಧಿಯಲ್ಲಿ ಜ್ವರದ ಜೊತೆಗೆ ಗುಳ್ಳೆ ಎದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಅಥವಾ ವಾಂತಿ ನಿಲ್ಲದೆ ಮಾತ್ರೆಯೇ ಹೊರಬರುತ್ತಿದ್ದರೆ ಕೂಡಲೇ ವೈದ್ಯರಲ್ಲಿಗೆ ಹೋಗಿ. ಮಾತ್ರೆ ಬದಲಿಸುವುದೋ, ಬೇಗನೆ ಇನ್ನೊಂದು ಪರೀಕ್ಷೆ ಮಾಡುವುದೋ ಅವರು ನೋಡಿಕೊಳ್ಳುತ್ತಾರೆ.

ಕಾಯುವ ದಿನಗಳಲ್ಲಿ

ಕೊನೆಯ ವರದಿ ಬರುವವರೆಗೆ ರಕ್ತದಾನ ಮಾಡಬಾರದು. ಕಾಲೇಜಿನ ಎನ್.ಎಸ್.ಎಸ್. ಶಿಬಿರದಲ್ಲಿ ರಕ್ತ ಕೊಟ್ಟರೆ ಪುಕ್ಕಟೆ ಪರೀಕ್ಷೆಯೂ ಆಯಿತು ಎಂದು ಯೋಚಿಸುವುದು ಅಪಾಯಕಾರಿ. ವಿಂಡೋ ಪೀರಿಯಡ್‌ನಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಜೀವಕ್ಕೆ ಎರವಾಗಬಹುದು. ಲೈಂಗಿಕ ಸಂಪರ್ಕವಿದ್ದಲ್ಲಿ ಕಾಂಡೋಮ್ ಬಳಸಬೇಕು. ಬ್ಲೇಡು, ರೇಜರ್ ಹಂಚಿಕೊಳ್ಳಬಾರದು. ಇಷ್ಟು ಬಿಟ್ಟರೆ ಮನೆಯ ಊಟ, ತರಗತಿ, ಆಟ, ಗೆಳೆತನ ಯಾವುದನ್ನೂ ಬಿಡಬೇಕಾಗಿಲ್ಲ.

ಕಾನೂನೂ ನಿಮ್ಮ ಜೊತೆಗಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಗುಟ್ಟಾಗಿಡಬೇಕು. ಸೋಂಕಿನ ಕಾರಣಕ್ಕೆ ಶಾಲೆ, ಕೆಲಸ, ಚಿಕಿತ್ಸೆಗಳಲ್ಲಿ ಭೇದಭಾವ ಮಾಡುವಂತಿಲ್ಲ. ಸೋಂಕಿನ ಸಂಪರ್ಕದ ಅಪಾಯವಿರುವ ಆಸ್ಪತ್ರೆಯಂಥ ಕಡೆ ಕೆಲಸ ಮಾಡುವವರಿಗೆ ಪೆಪ್ ಒದಗಿಸುವುದು ಆ ಸಂಸ್ಥೆಯ ಹೊಣೆ. 'ಬೈಯುತ್ತಾರೆ' ಎಂದು ಹೆದರಿ ಸೂಜಿ ಚುಚ್ಚಿದ್ದನ್ನು ಮುಚ್ಚಿಟ್ಟರೆ ಕಳೆದುಹೋಗುವುದು ಆ ಅಮೂಲ್ಯ ಗಂಟೆಗಳೇ. ದೌರ್ಜನ್ಯಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂಬುದೂ ಕಾನೂನು.

ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. 1097 ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ಹಣವಿಲ್ಲ. ಒಂದು ವೇಳೆ ಕೊನೆಯ ವರದಿ 'ಪಾಸಿಟಿವ್' ಎಂದು ಬಂದರೂ ಅದು ಬದುಕಿನ ಕೊನೆಯಲ್ಲ. ಇಂದಿನ ಚಿಕಿತ್ಸೆಯನ್ನು ಬೇಗ ಶುರುಮಾಡಿ ತಪ್ಪದೆ ತೆಗೆದುಕೊಂಡವರು ಓದಿ, ದುಡಿದು, ಸಂಸಾರ ಮಾಡಿ, ಎಲ್ಲರಂತೆ ದೀರ್ಘಕಾಲ ಬಾಳುತ್ತಾರೆ.

ತರಗತಿಯಲ್ಲಿ ಚರ್ಚಿಸಿ

1. ಸೂಜಿ ಚುಚ್ಚಿದ ದಿನವೇ ಮಾಡಿದ ಪರೀಕ್ಷೆ 'ನೆಗೆಟಿವ್' ಬಂದರೆ ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ?

2. ಓಕರಿಕೆ ತಾಳಲಾರದೆ ಗೆಳೆಯನೊಬ್ಬ ಹತ್ತನೆಯ ದಿನ ಮಾತ್ರೆ ಬಿಡಬೇಕೆಂದಿದ್ದಾನೆ. ಮಂಗಗಳ ಪ್ರಯೋಗವನ್ನು ನೆನೆದು ಅವನಿಗೆ ಏನು ಹೇಳುವಿರಿ?

3. ಪೆಪ್ ತೆಗೆದುಕೊಂಡವರಿಗೆ ಪರೀಕ್ಷೆಯ ಅವಧಿ ಹೆಚ್ಚಿಸಲು ಕಾರಣವೇನು?

4. ನಿಮ್ಮ ಊರಿನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಈ ಮಾತ್ರೆ ಬೇಕಾದರೆ ಎಲ್ಲಿ ಸಿಗುತ್ತದೆ? ಬೇಕಾಗುವ ಮೊದಲೇ ವಿಚಾರಿಸಿ, ಗೆಳೆಯರಿಗೂ ತಿಳಿಸಿ.