ಚೆನ್ನಾಗಿದೆ ಅಂದ್ರೆ ಸಾಲದು ಸ್ವಾಮಿ, ಏನು ಚೆನ್ನಾಗಿದೆ?

ಹಳ್ಳಿಯಿಂದ ಬಸ್ಸು ಹತ್ತಿ ಪೇಟೆಗೆ ಬಂದು ಸಿನಿಮಾ ನೋಡುವ ಹುಡುಗನ ಲೆಕ್ಕವೇ ಬೇರೆ. ಟಿಕೆಟ್ಟು, ಬಸ್ ಚಾರ್ಜು, ಇಂಟರ್‌ವಲ್‌ನಲ್ಲಿ ಒಂದು ಟೀ... ಅವನ ಅರ್ಧ ದಿನದ ದುಡಿಮೆ ಅಲ್ಲೇ ಖಲಾಸ್! ಚಿತ್ರ ಕೈಕೊಟ್ಟರೆ ಕಾಸು ವಾಪಸ್ ಕೊಡೋರ್ಯಾರು? ಅಂಥವನಿಗೆ ನಮ್ಮ ವಿಮರ್ಶಕ ಮಹಾಶಯರು ಕೊಡುವುದೇನು? ‘ಅದ್ಭುತ’, ಇಲ್ಲವೇ ‘ಡಬ್ಬಾ’. ಜೊತೆಗೆ ಮೂರೋ ನಾಲ್ಕೋ ನಕ್ಷತ್ರ. ಆ ನಕ್ಷತ್ರ ಇಟ್ಟುಕೊಂಡು ಅವನೇನು ಜಾತಕ ಬರೆಸಬೇಕೇ?

1972ರ ‘ನಾಗರಹಾವು’ ತಗೊಳ್ಳಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರ. ಬರೆದವರಿಗೇ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ಅವರು ಸಿಡುಕಿದ ಮಾತು ಇಂದಿಗೂ ಗಾಂಧಿನಗರದಲ್ಲಿ ಓಡಾಡುತ್ತಿದೆ. ಪ್ರೇಕ್ಷಕ ಪ್ರಭುಗಳೋ, ರಾಮಾಚಾರಿಯನ್ನು ಹೊತ್ತು ಮೆರೆಸಿದರು! ಯಾರದು ಸರಿ? ಇಬ್ಬರದ್ದೂ. ಪುಸ್ತಕದ ರಾಮಾಚಾರಿಯನ್ನೇ ಹುಡುಕಿಕೊಂಡು ಹೋದವನಿಗೆ ನಿರಾಸೆಯಾದರೆ ಆಶ್ಚರ್ಯವಿಲ್ಲ. ಪುಸ್ತಕ ಮುಟ್ಟದವನಿಗೆ ಮೂರು ಗಂಟೆ ಹಬ್ಬ. ಇದನ್ನು ಬಿಡಿಸಿ ಹೇಳಿದರೆ ವಿಮರ್ಶೆ ಕೆಲಸಕ್ಕೆ ಬರುತ್ತೆ. ಹೊಸ ಹುಡುಗ ವಿಷ್ಣುವರ್ಧನ್ ಕಣ್ಣಲ್ಲಿ ಕೆಂಡ ಇದೆ, ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಕಣ್ಣು ಒದ್ದೆ ಮಾಡ್ತಾರೆ, ‘ಬಾರೇ ಬಾರೇ’ ಹಾಡು ಸ್ಲೋ ಮೋಷನ್‌ನಲ್ಲಿ ತೇಲುತ್ತೆ, ಚಿತ್ರದುರ್ಗದ ಬಂಡೆಗಳೂ ನಟಿಸಿವೆ ಅಂತ ಬರೆಯಲಿ. ಹೋಗೋದೋ ಬಿಡೋದೋ ಹುಡುಗ ತಾನೇ ತೀರ್ಮಾನಿಸ್ತಾನೆ.

ಕಾರಣ ಬರೆಯುವ ವಿಮರ್ಶಕನ ರುಚಿ ನಮಗೆ ತದ್ವಿರುದ್ಧವಾಗಿದ್ದರೂ ನಷ್ಟವಿಲ್ಲ. ‘ಬರೀ ಹೊಡೆದಾಟ, ತಲೆನೋವು’ ಅಂತ ಅವನು ಗೊಣಗಿದ ದಿನವೇ ನನ್ನ ಗೆಳೆಯನೊಬ್ಬ ಮೊದಲ ಆಟಕ್ಕೆ ಕ್ಯೂ ನಿಲ್ಲುತ್ತಾನೆ!

ಗಲ್ಲಾಪೆಟ್ಟಿಗೆಯ ಭವಿಷ್ಯ ಮಾತ್ರ ಅವರಿಗೆ ಬೇಡ. ನಮ್ಮ ರಾಮನಗರದ ಬೆಟ್ಟಗಳಲ್ಲಿ ತೆಗೆದ ‘ಶೋಲೆ’ 1975ರ ಆಗಸ್ಟ್‌ನಲ್ಲಿ ತೆರೆಕಂಡಾಗ ಕೈಲಾಗದ ಚಿತ್ರವೆಂದು ಷರಾ ಬರೆದ ಪಂಡಿತರಿದ್ದರು. ಮುಂಬಯಿಯ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು. ಓಡುತ್ತೋ ಇಲ್ಲವೋ ಅನ್ನೋದು ಹಂಚಿಕೆದಾರರ ಚಿಂತೆ, ಟಿಕೆಟ್ ಕೊಳ್ಳುವವನಿಗೆ ಅದರಿಂದ ಆಗಬೇಕಾದ್ದೇನು?

ಇನ್ನು ಕೊನೆ ರೀಲಿನ ಗುಟ್ಟು ಬಿಟ್ಟುಕೊಡುವವರಿದ್ದಾರಲ್ಲ, ಅವರಿಗೆ ಏನನ್ನೋಣ? ರಾಮಾಚಾರಿ ಕಡೆಗೆ ಬೆಟ್ಟ ಹತ್ತಿ ಏನು ಮಾಡಿದ... ಬೇಡ ಬಿಡಿ. ಐವತ್ತು ವರ್ಷ ದಾಟಿದರೂ ಇನ್ನೂ ನೋಡದ ತಮ್ಮಂದಿರು ನಿಮ್ಮಲ್ಲೇ ಇರಬಹುದು.