ಹಳೆಯ ಎಂಜಿಬಿಗೆ ಹೊಸ ದನಿ

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿಗೆ ಒಳ್ಳೆಯ ಸ್ಪೀಕರ್ ಕೂರಿಸುವುದೆಂದರೆ ಅರ್ಧಕ್ಕರ್ಧ ಬಡಗಿ ಕೆಲಸ. ನನ್ನದು 1972ರ ಕಾರು, ಛಾವಣಿ ಮಡಚುವಂಥದ್ದು. ಗಾಳಿ, ಎಂಜಿನ್ ಎರಡೂ ಮೊರೆಯುವಾಗ ಭೀಮಸೇನ ಜೋಶಿಯವರ ಮಂದ್ರ ಕೇಳಬೇಕೆಂಬ ದುರಾಸೆ ಬೇರೆ!

ಬಾಗಿಲಿನಲ್ಲಿ ಕೂರಿಸೋಣವೆಂದರೆ, ಕೆಳಗಿಳಿದ ಗಾಜು ಸ್ಪೀಕರಿನ ದಪ್ಪ ಅಯಸ್ಕಾಂತಕ್ಕೆ ಬಡಿಯುತ್ತದೆ. ಹಾಗಾಗಿ ಕಾಲಿಡುವ ಜಾಗದ ಪಕ್ಕದ ಹಲಗೆಯನ್ನೇ ಆರಿಸಿದೆ. ಅಲ್ಲಿದ್ದ ತೆಳು ಹಾರ್ಡ್‌ಬೋರ್ಡ್ ಬಾಸ್ ಬಂದೊಡನೆ ತಾನೇ ಗಲಗಲ ಎನ್ನುತ್ತಿತ್ತು. ಅದನ್ನು ಅಳತೆಗಿಟ್ಟು 6 ಮಿ.ಮೀ. ಮರೀನ್ ಪ್ಲೈವುಡ್ ಕತ್ತರಿಸಿದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗವೇನೋ ಹೌದು, ಆದರೆ ಇಂಥ ಕಾರಿನೊಳಗೆ ಮಳೆನೀರು ಜಿನುಗುವುದು ಮಾಮೂಲು. ನೀರು ಕುಡಿದ ಎಂಡಿಎಫ್ ಉಬ್ಬಿ ಹಾಳಾಗುತ್ತದೆ.

ಸ್ಪೀಕರಿನ ಕೋನ್ ಮುಂದಕ್ಕೆ ಹೊಮ್ಮಿಸುವ ಅಲೆಯೂ ಹಿಂದಿನ ಅಲೆಯೂ ಹಲಗೆಯಂಚಿನ ಸಂದಿಯಲ್ಲಿ ಸೇರಿದರೆ ಒಂದನ್ನೊಂದು ಕೊಲ್ಲುತ್ತವೆ, ಮಂದ್ರ ಮಾಯ. ಅದಕ್ಕೇ ಅಂಚಿಗೆಲ್ಲ ಫೋಮ್ ಪಟ್ಟಿ ಅಂಟಿಸಬೇಕು. ದುಬಾರಿ ಸ್ಪೀಕರಿಗಿಂತ ಈ ಪಟ್ಟಿಯ ಫಲವೇ ಹೆಚ್ಚೆಂದು ನಾನು ವಾದಿಸುತ್ತಲೇ ಇರುತ್ತೇನೆ.

ಆಮೇಲೆ 3 ಮಿ.ಮೀ. ಫೋಮ್, ಮೇಲೆ ಕಪ್ಪು ವಿನೈಲ್ ಹೊದಿಕೆ. ಹಲಗೆಗೂ ಹೊದಿಕೆಗೂ ಅಂಟು ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಸವರುತ್ತ ಕೂರಿಸಬೇಕು. ಮೂಲೆಯಲ್ಲಿ ಮಡಚುವ ಮುನ್ನ ವಿನೈಲಿಗೆ ಸಣ್ಣ ಕಚ್ಚು ಕೊಡದಿದ್ದರೆ ಸುಕ್ಕು ಖಚಿತ.

ಇನ್ನು ಸ್ಟೀರಿಯೊ ವಿಚಾರ: 1967ಕ್ಕಿಂತ ಮೊದಲಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಇಂದಿನ ಸ್ಟೀರಿಯೊ ಅದಕ್ಕೆ ಹೊಂದದು. ಸ್ಟೀರಿಯೊ ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಿ. ಹಳೆಯ ಹಲಗೆಗಳನ್ನು ಮಾತ್ರ ಎಸೆಯಬೇಡಿ, ಕಾರು ಮಾರುವ ದಿನ ಬಂದರೆ ಕೊಳ್ಳುವವರು ಅವನ್ನೂ ಕೇಳಬಹುದು.