ಪಕ್ಕದ ಮನೆಯ ಪೈಲ್ವಾನ್ ಕಾರು

ಮಕ್ಕಳೇ, ಲೆಕ್ಕ ಹೊಂದದ ಹಣವನ್ನು ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ಅಮೆರಿಕದ ಮಿಚಿಗನ್ನಿನಲ್ಲಿ ಮಗಳ ಮನೆಗೆ ಹೋದಾಗ, ಪಕ್ಕದ ಮನೆಯ ಶೆಡ್ಡಿನಲ್ಲಿ ಅಂಥದ್ದೇ ಒಂದು ಬಾಕಿ ಕಂಡೆ. 18 ವರ್ಷದಿಂದ ಟಾರ್ಪಾಲಿನಡಿ ನಿಂತಿದ್ದ 1969ರ ಷೆವರ್ಲೆ ಕಮಾರೊ! ದೊಡ್ಡ ಇಂಜಿನ್ನಿನ ಇಂಥವಕ್ಕೆ ಅಲ್ಲಿ ಮಸಲ್ ಕಾರು ಎನ್ನುತ್ತಾರೆ. ಪೈಲ್ವಾನ್ ಕಾರು ಎನ್ನಿ.

ಯಜಮಾನರು ನನ್ನ ವಾರಿಗೆಯವರು. ಆ ಪೈಲ್ವಾನನಿಗೆ ಸೂಪರ್‌ಚಾರ್ಜರ್ ಬೇರೆ ಕೂರಿಸಿದ್ದರು. ಅಜ್ಜಿ ಒಲೆಗೆ ಊದುಗೊಳವೆಯಲ್ಲಿ ಊದುತ್ತಿದ್ದರಲ್ಲ, ಹಾಗೆಯೇ ಇದು ಬೆಲ್ಟಿನಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ರೂಟ್ಸ್ ಸೋದರರು 1860ರಲ್ಲಿ ಇದರ ಮೂಲಯಂತ್ರಕ್ಕೆ ಪೇಟೆಂಟ್ ಪಡೆದಾಗ ಪೆಟ್ರೋಲ್ ಕಾರೇ ಹುಟ್ಟಿರಲಿಲ್ಲ!

ಮೊದಲೇ ಅದುಮಿದ ಗಾಳಿಯನ್ನು ಪಿಸ್ಟನ್ ಮತ್ತೆ ಅತಿಯಾಗಿ ಅದುಮಿದರೆ ಇಂಧನ ಸರದಿ ತಪ್ಪಿ ಸಿಡಿಯುತ್ತದೆ. ಹಾಗೇ ಆಗಿ ಪಿಸ್ಟನ್ ತೂತಾಯಿತು. ಆಮೇಲೆ ಮಕ್ಕಳ ಓದು, ಮೊಣಕಾಲು ನೋವು. ಈಗ ಕಣ್ಣೂ ಮಬ್ಬು. “ಪೂರ್ತಿ ಕತ್ತಲಾಗುವ ಮೊದಲು ಮುಗಿಸಬೇಕು” ಎಂದು ಹಳೆಯ ಕಾರು ಸಿದ್ಧಮಾಡುವ ವರ್ಕ್‌ಶಾಪಿಗೆ ಕೊಟ್ಟರು. ಕಡಿಮೆ ಅದುಮುವ ಪಿಸ್ಟನ್ ಹಾಕಿದರು. ಬಿಲ್ಲನ್ನು ನಾನೇ ಕೂಡಿ ನೋಡಿದೆ. ಮೊತ್ತ ಹೇಳಿದರೆ ನಿಮ್ಮ ತಾತ ಬೆಚ್ಚಿಯಾರು!

ಕಾರು ತರಲು ನನ್ನನ್ನೂ ಕರೆದೊಯ್ದರು. ಇಂಜಿನ್ ಗುಡುಗಿತು, ಮೊಮ್ಮಗ ಕಿವಿ ಮುಚ್ಚಿಕೊಂಡ. ಯಜಮಾನರು ಸ್ಟಿಯರಿಂಗನ್ನು ಒಮ್ಮೆ ಸವರಿ, ಕೀಲಿಯನ್ನು ತಮ್ಮ ಮೊಮ್ಮಗಳ ಕೈಗಿಟ್ಟು ಪಕ್ಕದ ಸೀಟಿನಲ್ಲಿ ಕುಳಿತರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಸದ್ದು ಕೇಳಿಯೇ ಹೇಳುತ್ತಿದ್ದರು: “ಈಗ ಮೂರನೇ ಗೇರು.”